ಅಲೆಕ್ಸಾಂಡ್ರಿಯಾದಲ್ಲಿ ಫೇರೋಗಳ ರಥ: ‘ರೋಮ್: ಟೋಟಲ್ ವಾರ್’ ಆಟದ ಈಜಿಪ್ಟ್ ಪ್ರಕರಣ

ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ 2004ರ ಸೆಪ್ಟೆಂಬರ್‌ನಲ್ಲಿ ಹೊರತಂದ ‘ರೋಮ್: ಟೋಟಲ್ ವಾರ್’ ಎಂಬ ಕಂಪ್ಯೂಟರ್ ಯುದ್ಧದಾಟದ ಕಥೆ ಕ್ರಿ.ಪೂ. 270ರಲ್ಲಿ ಶುರುವಾಗುತ್ತದೆ. ಆಟಗಾರನ ಕೈಗೆ ರೋಮಿನ ಒಂದು ಮನೆತನ ಸಿಗುತ್ತದೆ. ಉತ್ತರದಲ್ಲಿ ಗಾಲ್ ಬುಡಕಟ್ಟುಗಳು, ಸಮುದ್ರದಾಚೆ ಕಾರ್ತೇಜ್, ಪೂರ್ವದಲ್ಲಿ ಗ್ರೀಕರು, ಭೂಪಟದ ಆಗ್ನೇಯ ಮೂಲೆಯಲ್ಲಿ ಈಜಿಪ್ಟ್. ಹಲವು ಗಂಟೆಗಳ ಆಟದ ನಂತರ ಆ ಈಜಿಪ್ಟಿನ ಸೈನ್ಯ ಮೊದಲ ಬಾರಿಗೆ ಎದುರಾದಾಗ ಇತಿಹಾಸ ಓದಿಕೊಂಡವರು ಬೆಚ್ಚಿಬೀಳುತ್ತಾರೆ. ದಂಡನಾಯಕ ರಥದ ಮೇಲಿದ್ದಾನೆ. ಕಾಲಾಳುಗಳ ತಲೆಗೆ ಪಟ್ಟೆಪಟ್ಟೆಯ ವಸ್ತ್ರ. ಪಡೆಗಳ ಹೆಸರೋ: ಫೇರೋನ ಕಾವಲುಪಡೆ, ಫೇರೋನ ಬಿಲ್ಲಾಳುಗಳು, ಮರುಭೂಮಿಯ ಕೊಡಲಿಯಾಳುಗಳು, ನೈಲ್ ಈಟಿಗಾರರು.

ಕ್ರಿ.ಪೂ. 270ರಲ್ಲಿ ಈಜಿಪ್ಟನ್ನು ಆಳುತ್ತಿದ್ದವನು ಎರಡನೆಯ ಟಾಲೆಮಿ. ಅಲೆಕ್ಸಾಂಡರನ ದಂಡನಾಯಕನೊಬ್ಬನ ಮಗ, ಮನೆಮಾತು ಗ್ರೀಕ್, ವಂಶ ಮ್ಯಾಸಿಡೋನಿಯದ್ದು. ಅವನ ಸೈನ್ಯದ ಬೆನ್ನೆಲುಬು ಫಾಲಂಕ್ಸ್, ಅಂದರೆ ಐದಾರು ಮೀಟರ್ ಉದ್ದದ ಈಟಿಗಳನ್ನು ಮುಂದೆ ಚಾಚಿ ಒತ್ತಾಗಿ ನಡೆಯುವ ಪದಾತಿಗಳ ಸಾಲು. ಫೇರೋಗಳ ರಥಸೈನ್ಯ ಮೆರೆದ ಹೊಸ ಸಾಮ್ರಾಜ್ಯದ ಯುಗ ಮುಗಿದು ಆಗಲೇ ಎಂಟು ಶತಮಾನಗಳು ಕಳೆದಿದ್ದವು. ಫೇರೋ ರಾಮ್ಸೆಸ್ ಹಿಟ್ಟೈಟರ ವಿರುದ್ಧ ಕಾದೇಶ್‌ನಲ್ಲಿ ನಡೆಸಿದ ಪ್ರಸಿದ್ಧ ರಥಯುದ್ಧಕ್ಕೂ ಟಾಲೆಮಿಗೂ ನಡುವೆ ಸುಮಾರು 1,000 ವರ್ಷಗಳ ಅಂತರ. ಅದೇ ಭೂಪಟದಲ್ಲಿ ಅಲೆಕ್ಸಾಂಡ್ರಿಯಾ ನಗರವಿದೆ, ಫಾರೋಸ್ ದೀಪಸ್ತಂಭವೂ ಇದೆ. ಎರಡೂ ಗ್ರೀಕರು ಕಟ್ಟಿದವು. ಆ ನಗರದ ಹೆಬ್ಬಾಗಿಲಿನಿಂದ ಹೊರಬರುವುದು ಮಾತ್ರ ರಾಮ್ಸೆಸನ ಕಾಲದ ಸೈನ್ಯ.

ಪ್ರಾಚೀನ ರೋಮಿನ ಬಗ್ಗೆ ಬಂದಿರುವ ಆಟಗಳಲ್ಲಿ ತಪ್ಪುಗಳಿಗೇನೂ ಬರವಿಲ್ಲ. ಆದರೂ ನಾನು ಈ ಒಂದನ್ನೇ ಆರಿಸಿಕೊಂಡಿದ್ದೇನೆ. ಇದು ಅವಸರದ ತಪ್ಪಲ್ಲ, ತಿಳಿವಳಿಕೆ ಸಾಲದೆ ಆದದ್ದೂ ಅಲ್ಲ. ಈ ಸಂಸ್ಥೆಯ ಆಟದ ಎಂಜಿನ್, ಅಂದರೆ ಆಟವನ್ನು ಒಳಗಿನಿಂದ ನಡೆಸುವ ತಂತ್ರಾಂಶ, ಬಳಸಿಕೊಂಡು ಬಿಬಿಸಿ 2003ರಲ್ಲಿ ‘ಟೈಮ್ ಕಮ್ಯಾಂಡರ್ಸ್’ ಎಂಬ ಕಾರ್ಯಕ್ರಮ ನಡೆಸಿತ್ತು. ಸಾಮಾನ್ಯ ಜನ ಪ್ರಾಚೀನ ಯುದ್ಧಗಳನ್ನು ಮತ್ತೆ ಹೂಡಿ ನೋಡುತ್ತಿದ್ದ ಕಾರ್ಯಕ್ರಮ ಅದು. ಅಂಥ ಸಂಸ್ಥೆಗೆ ಟಾಲೆಮಿಗಳು ಯಾರೆಂದು ಗೊತ್ತಿರಲಿಲ್ಲ ಎಂದರೆ ನಂಬುವುದು ಕಷ್ಟ. ಬೇಕೆಂದೇ ಮಾಡಿದ ಆಯ್ಕೆ ಎಂದೇ ಹಿಡಿದು ಅದನ್ನು ತೂಗಬೇಕು.

ಆಟ ಕಟ್ಟುವವರ ಕಡೆಯಿಂದ ನೋಡಿದರೆ

ಆ ಕಾಲದ ಪೂರ್ವ ಮೆಡಿಟರೇನಿಯನ್ ಆಟ ಕಟ್ಟುವವರಿಗೆ ತಲೆನೋವಿನ ಪ್ರದೇಶ. ಮ್ಯಾಸಿಡೋನಿಯ, ಸಿರಿಯಾದಿಂದ ಪೂರ್ವಕ್ಕೆ ಹರಡಿದ್ದ ಸೆಲ್ಯೂಸಿಡ್ ಸಾಮ್ರಾಜ್ಯ, ಟಾಲೆಮಿಗಳ ಈಜಿಪ್ಟ್ ಎಂಬ ಮೂರು ದೊಡ್ಡ ರಾಜ್ಯಗಳೂ ಅಲೆಕ್ಸಾಂಡರನ ಸೈನ್ಯದಿಂದಲೇ ಒಡೆದು ಬಂದವು. ಆಯುಧ ಒಂದೇ, ವ್ಯೂಹ ಒಂದೇ, ಶಿರಸ್ತ್ರಾಣವೂ ಹೆಚ್ಚುಕಡಿಮೆ ಒಂದೇ. ಇದ್ದದ್ದನ್ನು ಇದ್ದಂತೆ ತೋರಿಸಿದರೆ ಆಟಗಾರ ಮೂರು ಬಣ್ಣ ಬಳಿದ ಒಂದೇ ಸೈನ್ಯದ ಜೊತೆ ಮೂರು ಸಲ ಕಾದಾಡಬೇಕು. ಅಂಗಡಿಯಲ್ಲಿ ಪೆಟ್ಟಿಗೆ ಕೊಳ್ಳುವ ಹುಡುಗನಿಗೆ ಈಜಿಪ್ಟ್ ಎಂದರೆ ಪಿರಮಿಡ್, ಫೇರೋ, ರಥ. ಗ್ರೀಕ್ ಮಾತನಾಡುವ ಈಜಿಪ್ಟ್ ಅವನ ಕಣ್ಣಿಗೆ ಮೋಸದಂತೆ ಕಂಡರೂ ಕಂಡೀತು.

ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಯುದ್ಧರಂಗದ ಮೇಲಿನಿಂದ ಕೆಳಗೆ ನೋಡುತ್ತಿರುವ ಆಟಗಾರನಿಗೆ ಯಾವ ಪಡೆ ಯಾರದು ಎಂದು ಅರೆಕ್ಷಣದಲ್ಲಿ ತಿಳಿಯಬೇಕು. ಪ್ರತಿ ಎದುರಾಳಿಯ ವಿರುದ್ಧವೂ ಬೇರೆ ತಂತ್ರ ಹೂಡುವಂತಿರಬೇಕು. ಇವೆರಡೂ ಇಲ್ಲದಿದ್ದರೆ ಅದು ಇತಿಹಾಸದ ಪಾಠವೂ ಆಗುವುದಿಲ್ಲ, ಆಟವೂ ಆಗುವುದಿಲ್ಲ.

ಆದರೆ ಒಂದು ವಿಚಿತ್ರವಿದೆ. ಆಟದಲ್ಲಿ ನೈಲ್ ಈಟಿಗಾರರೂ ಫೇರೋನ ಕಾವಲುಪಡೆಯೂ ಗುಂಡಿ ಒತ್ತಿದರೆ ಫಾಲಂಕ್ಸ್ ವ್ಯೂಹ ಕಟ್ಟುತ್ತಾರೆ. ಎಂಜಿನ್ನಿನ ಒಳಗಿನ ಲೆಕ್ಕಾಚಾರ ಮ್ಯಾಸಿಡೋನಿಯದ್ದೇ, ಮೇಲೆ ಹೊದಿಸಿದ ವೇಷ ಮಾತ್ರ ಹೊಸ ಸಾಮ್ರಾಜ್ಯದ್ದು. ಕಾಲಾಳು ಯುದ್ಧದ ಮಟ್ಟಿಗೆ ವೈವಿಧ್ಯ ಸಿಕ್ಕಿದ್ದು ಕಣ್ಣಿಗಷ್ಟೆ. ರಥಗಳು ಮಾತ್ರ ನಿಜಕ್ಕೂ ಬೇರೆ ಬಗೆಯಲ್ಲಿ ಕಾದುತ್ತವೆ.

ರಾಫಿಯಾದಲ್ಲಿ ಏನಾಯಿತು

ಟಾಲೆಮಿಗಳ ಈಜಿಪ್ಟ್ ನಿಜಕ್ಕೂ ಬೇಸರದ ವಸ್ತುವೇ? ಕ್ರಿ.ಪೂ. 217ಕ್ಕೆ ಬರೋಣ, ಆಟ ಆರಂಭವಾದ 53 ವರ್ಷಗಳ ನಂತರ. ಸೆಲ್ಯೂಸಿಡ್ ದೊರೆ ಮೂರನೆಯ ಆಂಟಿಯೋಕಸ್ ದಕ್ಷಿಣಕ್ಕೆ ನುಗ್ಗುತ್ತಿದ್ದಾನೆ. ಅಲೆಕ್ಸಾಂಡ್ರಿಯಾದಲ್ಲಿ ನಾಲ್ಕನೆಯ ಟಾಲೆಮಿ. ಭೋಗಜೀವಿ ಎಂದು ಹೆಸರು ಕೆಡಿಸಿಕೊಂಡವನು. ಗ್ರೀಕ್ ಮೂಲದ ಸೈನಿಕರು ಸಾಲದಾದರು. ಈ ಸೈನಿಕರ ಪದ್ಧತಿಯೇ ಸ್ವಾರಸ್ಯಕರವಾದದ್ದು: ಅವರಲ್ಲಿ ಬಹಳ ಮಂದಿಗೆ ನೈಲ್ ದಂಡೆಯಲ್ಲಿ ಜಮೀನು ಕೊಟ್ಟು ನೆಲೆಗೊಳಿಸಲಾಗಿತ್ತು, ಕರೆ ಬಂದಾಗ ಈಟಿ ಹಿಡಿದು ಹೊರಡಬೇಕಾಗಿತ್ತು. ಅವರೂ ಕೂಲಿ ಸೈನಿಕರೂ ಸೇರಿದರೂ ಲೆಕ್ಕ ಹೊಂದದಾದಾಗ ಮಂತ್ರಿ ಸೋಸಿಬಿಯಸ್ 20,000 ಸ್ಥಳೀಯ ಈಜಿಪ್ಷಿಯನ್ನರನ್ನು ಫಾಲಂಕ್ಸ್‌ಗೆ ತರಬೇತುಗೊಳಿಸಿದ ಎಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ.

ಇಂದಿನ ಗಾಜಾದ ರಫಾ ಇರುವ ಕಡೆ, ರಾಫಿಯಾದಲ್ಲಿ, ಎರಡು ಸೈನ್ಯಗಳು ಎದುರುಬದುರಾದವು. ಆಂಟಿಯೋಕಸನ ಬಳಿ 102 ಭಾರತೀಯ ಆನೆಗಳು, ಟಾಲೆಮಿಯ ಬಳಿ 73 ಆಫ್ರಿಕನ್ ಆನೆಗಳು. ಆಫ್ರಿಕನ್ ಆನೆಗಳಲ್ಲಿ ಹೆಚ್ಚಿನವು ನಮ್ಮ ಕಡೆಯ ಆನೆಗಳ ವಾಸನೆಗೂ ಘೀಳಿಗೂ ಹೆದರಿ ಹಿಂದಿರುಗಿ, ತಮ್ಮವರನ್ನೇ ತುಳಿದವು. ಆದರೂ ಗೆದ್ದದ್ದು ಟಾಲೆಮಿ. ಗೆಲ್ಲಿಸಿದ ಫಾಲಂಕ್ಸ್‌ನಲ್ಲಿ ಆ 20,000 ಸ್ಥಳೀಯರೂ ಇದ್ದರು.

ಕಥೆಯ ಅಸಲಿ ತಿರುವು ಬರುವುದು ಇಲ್ಲಿಂದ ಮುಂದೆ. ಸ್ಥಳೀಯರಿಗೆ ಆಯುಧ ಕೊಟ್ಟದ್ದು ಆ ಹೊತ್ತಿಗೆ ಸರಿಯಾದರೂ ಮುಂದಿನ ದಿನಗಳಿಗೆ ತಪ್ಪಾಯಿತು ಎಂದು ಪಾಲಿಬಿಯಸನೇ ತೀರ್ಪು ಕೊಡುತ್ತಾನೆ. ಗೆದ್ದ ಜನರಿಗೆ ತಮ್ಮ ಬಲ ಅರಿವಾಯಿತು. ಅಪ್ಪಣೆ ಕೇಳುವ ಮನಸ್ಸು ಉಳಿಯಲಿಲ್ಲ. ಕ್ರಿ.ಪೂ. 205ರ ಸುಮಾರಿಗೆ ದಕ್ಷಿಣ ಈಜಿಪ್ಟ್ ಬೇರೆಯಾಯಿತು. ಥೀಬ್ಸ್‌ನಲ್ಲಿ ಮೊದಲು ಹೊರ್‌ವೆನ್ನೆಫರ್, ಆಮೇಲೆ ಅಂಖ್‌ವೆನ್ನೆಫರ್ ಎಂಬ ಇಬ್ಬರು ಸ್ಥಳೀಯ ದೊರೆಗಳು ಫೇರೋ ಪಟ್ಟ ಕಟ್ಟಿಕೊಂಡು ಸುಮಾರು 20 ವರ್ಷ ಆಳಿದರು. ಎಲ್ಲರೂ ಹೆಸರು ಕೇಳಿರುವ ರೊಸೆಟ್ಟಾ ಶಿಲೆ ಕೂಡ ಇದೇ ಗೊಂದಲದ ಕಾಲದ್ದು, ಕ್ರಿ.ಪೂ. 196ರ ಆ ಶಾಸನದಲ್ಲಿ ಐದನೆಯ ಟಾಲೆಮಿ ಲೈಕೋಪೋಲಿಸ್‌ನಲ್ಲಿ ಬಂಡಾಯಗಾರರನ್ನು ಬಗ್ಗುಬಡಿದ ವಿವರವಿದೆ.

ಅಂದರೆ ಆಟದ ಕಾಲಾವಧಿಯೊಳಗೆ ಈಜಿಪ್ಷಿಯನ್ ರಕ್ತದ ಫೇರೋಗಳು ಇದ್ದದ್ದು ನಿಜ. ಆದರೆ ಅವರು ಬಂಡಾಯಗಾರರು. ಆಟ ಅವರ ಕಿರೀಟವನ್ನು ತೆಗೆದು ಅವರು ಯಾರ ವಿರುದ್ಧ ಎದ್ದಿದ್ದರೋ ಅವರ ತಲೆಗೇ ಇಟ್ಟಿತು.

ಆಟದ ಪರವಾಗಿಯೂ ಒಂದು ಮಾತು ಹೇಳಬೇಕು. ‘ಫೇರೋ’ ಎಂಬ ಪದವಿ ಟಾಲೆಮಿಗಳಿಗೆ ಸಲ್ಲದ್ದೇನಲ್ಲ. ಕ್ರಿ.ಪೂ. 237ರಲ್ಲಿ ಕಟ್ಟಲು ಶುರುವಾದ ಎಡ್ಫು ದೇವಾಲಯದ ಗೋಡೆಗಳ ಮೇಲೆ ಅವರು ಹಳೆಯ ಫೇರೋಗಳ ಭಂಗಿಯಲ್ಲೇ ನಿಂತಿದ್ದಾರೆ. ಅರಮನೆಯಲ್ಲಿ ಗ್ರೀಕ್ ರಾಜ, ಗುಡಿಯ ಗೋಡೆಯಲ್ಲಿ ಫೇರೋ. ಆ ವಂಶ ಮೂರು ಶತಮಾನ ಬಾಳಿದ್ದು ಈ ಎರಡು ವೇಷಗಳ ಬಲದಿಂದಲೇ. ರಾಫಿಯಾ ವಿಜಯದ ನೆನಪಿಗೆ ಪುರೋಹಿತರು ಹೊರಡಿಸಿದ ಶಾಸನದ ಕಲ್ಲಿನಲ್ಲಿ ನಾಲ್ಕನೆಯ ಟಾಲೆಮಿ ಕುದುರೆ ಏರಿ ಉದ್ದ ಈಟಿ ಹಿಡಿದಿದ್ದಾನೆ, ತಲೆಯ ಮೇಲೆ ಈಜಿಪ್ಟಿನ ಜೋಡಿ ಕಿರೀಟವಿದೆ. ಹಳೆಯ ಫೇರೋಗಳು ಗುಡಿಗೋಡೆಯ ಮೇಲೆ ರಥದಲ್ಲಿ ಮೆರೆಯುತ್ತಿದ್ದರು, ಇವನು ಕುದುರೆಯ ಬೆನ್ನೇರಿದ್ದಾನೆ. ಅಲೆಕ್ಸಾಂಡರನ ನಂತರ ಹುಟ್ಟಿದ ಬೇರೆ ಯಾವ ಹೆಲೆನಿಸ್ಟಿಕ್ (ಗ್ರೀಕ್ ಸಂಸ್ಕೃತಿಯ) ರಾಜ್ಯಕ್ಕೂ ಇಲ್ಲದ ಈ ಬೆರಕೆ ರೂಪ ಕಲಾವಿದರಿಗೆ ಬೇಕಾಗಿದ್ದ ವೈವಿಧ್ಯವನ್ನು ಕೈಗೇ ತಂದಿಡುತ್ತಿತ್ತು. ಅದನ್ನು ಬಿಟ್ಟು ಅವರು 1,000 ವರ್ಷ ಹಿಂದಕ್ಕೆ ಹೋದರು.

ಇಲ್ಲೊಂದು ಅಡ್ಡಮಾತು. ಕನ್ನಡಿಗರಿಗೆ ಆ ಗ್ರೀಕ್ ಈಜಿಪ್ಟ್ ಪೂರಾ ಅಪರಿಚಿತವೇನಲ್ಲ. ಭಾರತದ ಕಡಲತೀರದಲ್ಲಿ ನಡೆಯುವ ಕಥೆಯುಳ್ಳ, ಕನ್ನಡದ ಮಾತುಗಳಿವೆ ಎಂದು ಆರ್. ಶಾಮಾಶಾಸ್ತ್ರಿಗಳು ವಾದಿಸಿದ, ವಿದ್ವಾಂಸರು ಇಂದಿಗೂ ಜಗಳವಾಡುವ ಗ್ರೀಕ್ ಪ್ರಹಸನ ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ. ಪ್ರತಿ ರೋಮನ್ನರ ಕಾಲದ್ದು. ನೈಲ್ ದಂಡೆಯ ಊರೊಂದರಲ್ಲಿ ಗ್ರೀಕ್ ಹಾಸ್ಯನಾಟಕ ಓಡಾಡುತ್ತಿದ್ದ ಆ ಲೋಕಕ್ಕೆ ಅಡಿಪಾಯ ಹಾಕಿದವರು ಟಾಲೆಮಿಗಳೇ.

ಸುಳ್ಳಾದರೂ ಒಪ್ಪಿಗೆಯಾದದ್ದು

ಈಜಿಪ್ಟನ್ನು ಇಷ್ಟು ತರಾಟೆಗೆ ತೆಗೆದುಕೊಳ್ಳುವ ನಾನು ಅದೇ ಆಟದ ಇನ್ನೊಂದು ದೊಡ್ಡ ಸುಳ್ಳನ್ನು ಮೆಚ್ಚುತ್ತೇನೆ. ಆಟದಲ್ಲಿ ರೋಮ್ ಮೂರು ಮನೆತನಗಳಲ್ಲಿ ಹಂಚಿಹೋಗಿದೆ: ಕೆಂಪು ಬಣ್ಣದ ಜೂಲಿಯರು, ಹಸಿರಿನ ಬ್ರೂಟಿಯರು, ನೀಲಿಯ ಸ್ಕಿಪಿಯರು. ರೋಮ್ ನಗರ ಮಾತ್ರ ಸೆನೆಟ್‌ನ ಕೈಯಲ್ಲಿದೆ. ಒಂದೊಂದು ಮನೆತನಕ್ಕೂ ಸ್ವಂತ ಪ್ರಾಂತ, ಸ್ವಂತ ಸೈನ್ಯ, ಸ್ವಂತ ಖಜಾನೆ. ಇತಿಹಾಸದಲ್ಲಿ ಇದಕ್ಕೆ ಆಧಾರವೇ ಇಲ್ಲ. ಆಗ ಸೈನ್ಯದ ಮುಂದಾಳುತನ ವರ್ಷಕ್ಕೊಮ್ಮೆ ಚುನಾಯಿತರಾಗುವ ಇಬ್ಬರು ಕಾನ್ಸಲ್‌ಗಳದ್ದು. ಸ್ಕಿಪಿಯೋ ಎಂಬುದು ಒಂದು ಕುಲವೂ ಅಲ್ಲ, ಕಾರ್ನೀಲಿಯಸ್ ಕುಲದ ಒಂದು ಕವಲಿನ ಹೆಸರು.

ಆದರೆ ಈ ಸುಳ್ಳು ಆಟಗಾರನಿಗೆ ಏನು ಮಾಡುತ್ತದೆ ನೋಡಿ. ಮೊದಲು ಸೆನೆಟ್ ಹೇಳಿದ ಊರನ್ನು ಮುತ್ತಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತೀರಿ. ಊರು ಗೆದ್ದಂತೆಲ್ಲ ಜನರ ಪ್ರೀತಿ ಏರುತ್ತದೆ, ಸೆನೆಟ್‌ನ ಮುಖ ಗಂಟಾಗುತ್ತದೆ. ಒಂದು ದಿನ ಸೆನೆಟ್‌ನಿಂದ ಓಲೆ ಬರುತ್ತದೆ: ನಿಮ್ಮ ಮನೆತನದ ಹಿರಿಯ ಪ್ರಾಣ ಬಿಡಬೇಕು. ಒಪ್ಪಿದರೆ ಮನೆತನ ಉಳಿಯುತ್ತದೆ, ಒಪ್ಪದಿದ್ದರೆ ಸ್ವಂತ ನಗರದ ಮೇಲೆಯೇ ದಂಡೆತ್ತಿ ಹೋಗಬೇಕು. ಕ್ರಿ.ಪೂ. 88ರಲ್ಲಿ ರೋಮನ್ ದಂಡನಾಯಕ ಸುಲ್ಲಾ ರೋಮಿನ ಮೇಲೆ ದಂಡೆತ್ತಿ ನಡೆದದ್ದು, ಕ್ರಿ.ಪೂ. 49ರಲ್ಲಿ ಸೀಸರ್ ರೂಬಿಕಾನ್ ಹೊಳೆ ದಾಟಿದ್ದು ಇಂಥ ಇಕ್ಕಟ್ಟಿನಲ್ಲೇ. ಗೆಲುವೇ ಗಣರಾಜ್ಯವನ್ನು ಮುರಿಯಿತು ಎಂಬ ದೊಡ್ಡ ಮಾತನ್ನು ಆಟ ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ, ನಿಮ್ಮ ಕೈಯಲ್ಲೇ ಮಾಡಿಸುತ್ತದೆ. ವಿವರಗಳೆಲ್ಲ ಕಲ್ಪನೆ, ಇಕ್ಕಟ್ಟು ಮಾತ್ರ ಅಪ್ಪಟ.

ಇದಕ್ಕೆ ತದ್ವಿರುದ್ಧವಾದದ್ದು ಬೆಂಕಿ ಹಂದಿಗಳು. ಆಟದಲ್ಲಿ ಹಂದಿಗಳಿಗೆ ಬೆಂಕಿ ಹಚ್ಚಿ ಆನೆಗಳ ಕಡೆಗೆ ಓಡಿಸುವ ಪಡೆಯೊಂದಿದೆ. ನೋಡಿದವರೆಲ್ಲ ನಕ್ಕರು, ಆಟದ ಅತಿರೇಕಕ್ಕೆ ಇದನ್ನೇ ಉದಾಹರಣೆ ಕೊಟ್ಟವರೂ ಇದ್ದಾರೆ. ಆದರೆ ಮೆಗಾರಾ ನಗರವನ್ನು ಮ್ಯಾಸಿಡೋನಿಯದ ಆಂಟಿಗೋನಸ್ ಮುತ್ತಿದಾಗ ಊರಿನವರು ಹಂದಿಗಳಿಗೆ ರಾಳ ಬಳಿದು ಬೆಂಕಿಯಿಟ್ಟು ಆನೆಗಳ ಮೇಲೆ ಬಿಟ್ಟರೆಂದು ಪ್ರಾಚೀನ ಲೇಖಕರಾದ ಈಲಿಯನ್, ಪಾಲಿಯೀನಸ್ ಇಬ್ಬರೂ ಬರೆದಿದ್ದಾರೆ. ಅದು ನಡೆದದ್ದು ಆಟದ ಕಾಲದಲ್ಲೇ, ಕ್ರಿ.ಪೂ. 260ರ ದಶಕದಲ್ಲಿ. ಒಮ್ಮೆ ನಡೆದ ಕಥೆಯನ್ನು ಬೇಕಾದಾಗ ಹಣ ಕೊಟ್ಟು ಕಟ್ಟಿಸಿಕೊಳ್ಳುವ ಪಡೆಯಾಗಿಸಿದ್ದರಿಂದ ಸತ್ಯವೂ ತಮಾಷೆಯಾಯಿತು. ಜರ್ಮನ್ ಪಡೆಯ ಕಿರುಚುವ ಹೆಂಗಸರದ್ದೂ ಇದೇ ಪಾಡು. ಯುದ್ಧರಂಗದ ಹತ್ತಿರವೇ ಹೆಂಗಸರ ಕೂಗು ಕೇಳುತ್ತಿತ್ತು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದದ್ದು ಇಲ್ಲಿ ಸಂಬಳದ ಪಡೆಯಾಗಿದೆ.

ಹಾಗಾಗಿ ನಡೆದದ್ದೋ ನಡೆಯದ್ದೋ ಎಂಬ ಒಂದೇ ಅಳತೆಗೋಲು ಆಟಗಳಿಗೆ ಸಾಲದು. ಆ ಕಾಲದವರು ಎದುರಿಸಿದ ಆಯ್ಕೆ ಆಟಗಾರನಿಗೂ ಎದುರಾಗುತ್ತದೆಯೇ ಎಂದು ಕೇಳಬೇಕು. ಮೂರು ಮನೆತನಗಳ ಕಟ್ಟುಕಥೆಯಲ್ಲಿ ಎದುರಾಗುತ್ತದೆ. ಈಜಿಪ್ಟಿನಲ್ಲಿ ಇಲ್ಲ. ಅಲ್ಲಿ ಸಿಗುವುದು ರಥ ಮಾತ್ರ.

ಸರಿಪಡಿಸಲು ಹೊರಟವರು

ಈ ಆಟದ ಪಡೆಗಳ ವಿವರಗಳೆಲ್ಲ ಸಾಮಾನ್ಯ ಪಠ್ಯ ಕಡತಗಳಲ್ಲಿದ್ದವು. ನೋಟ್‌ಪ್ಯಾಡ್‌ನಲ್ಲಿ ತೆರೆದು ತಿದ್ದಬಹುದಾಗಿತ್ತು. ಅಸಮಾಧಾನಗೊಂಡ ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಆಟವನ್ನು ತಿದ್ದಿ ಹೊಸದಾಗಿಸುವ ‘ಮಾಡ್’ಗಳು ಒಂದರ ಹಿಂದೊಂದು ಬಂದವು. ಅವುಗಳಲ್ಲಿ ಹೆಚ್ಚು ಮಹತ್ವಾಕಾಂಕ್ಷೆಯದು ‘ಯುರೋಪಾ ಬಾರ್ಬರೋರಮ್’. ಮೊದಲ ಸಾರ್ವಜನಿಕ ಆವೃತ್ತಿ ಬಂದದ್ದು 2005ರ ಕೊನೆಯಲ್ಲಿ. ಸಂಬಳವಿಲ್ಲದ ಉತ್ಸಾಹಿಗಳು ಕ್ರಿ.ಪೂ. 272ರ ಜಗತ್ತನ್ನು ಬುಡದಿಂದ ಕಟ್ಟಿದರು. ವರ್ಷಕ್ಕೆ ಎರಡರ ಬದಲು ನಾಲ್ಕು ಸರದಿ. ಈಜಿಪ್ಟಿನ ಜಾಗದಲ್ಲಿ ‘ಪ್ಟೋಲೆಮಾಯೋಯಿ’, ಅಂದರೆ ಗ್ರೀಕ್‌ನಲ್ಲಿ ಟಾಲೆಮಿಗಳು. ರಥಗಳು ಹೋದವು, ಜಮೀನು ಪಡೆದ ಗ್ರೀಕ್ ಸೈನಿಕರು ಬಂದರು. ಮೂಲ ಆಟದಲ್ಲಿ ಇಟಲಿಯ ಒಂದು ನಗರ ಬೆಳೆದು ಅತಿ ದೊಡ್ಡ ಅರಮನೆ ಕಟ್ಟಿದ ಕೂಡಲೇ ರೋಮನ್ ದಂಡನಾಯಕ ಮೇರಿಯಸ್‌ನ ಹೆಸರಿನ ಸೈನ್ಯ ಸುಧಾರಣೆ ಬಂದುಬಿಡುತ್ತಿತ್ತು. ಚುರುಕಾದ ಆಟಗಾರ ನಿಜವಾದ ಮೇರಿಯಸ್‌ಗಿಂತ ಎಷ್ಟೋ ಮೊದಲೇ ಅದನ್ನು ತರುತ್ತಿದ್ದ. ಇಲ್ಲಿ ರೋಮನ್ ಸೈನ್ಯ ಹಲವು ಹಂತಗಳಲ್ಲಿ ಬದಲಾಗುತ್ತದೆ.

ಬೆಲೆ ತೆರಲೇಬೇಕಾಯಿತು. ಆಟ ನಿಧಾನವಾಯಿತು. ಪ್ರತಿ ಸಲ ಆಟ ತೆರೆದಾಗಲೂ ಊರೊಂದರ ಮೇಲೆ ಒತ್ತಿ, ಮಾಡ್‌ನ ಹೊಸ ನಿಯಮಗಳನ್ನು ನಡೆಸುವ ಸ್ಕ್ರಿಪ್ಟನ್ನು ಕೈಯಾರೆ ಚಾಲೂ ಮಾಡಬೇಕಾಗಿತ್ತು. ಪಡೆಗಳ ಹೆಸರುಗಳೆಲ್ಲ ಆಯಾ ಜನರ ಭಾಷೆಯಲ್ಲಿದ್ದವು. ಹೊಸಬನಿಗೆ ಇವರು ಈಟಿಯವರೋ ಬಿಲ್ಲಿನವರೋ ತಿಳಿಯಲು ವಿವರಣೆಯ ಪುಟ ತೆರೆಯದೆ ದಾರಿಯಿಲ್ಲ. ಅದಕ್ಕಿಂತ ಕಷ್ಟದ ವಿಷಯ ಇನ್ನೊಂದು: ಕ್ರಿ.ಪೂ. 272ರ ಬ್ರಿಟನ್‌ನವರಾಗಲಿ ಜರ್ಮೇನಿಯದವರಾಗಲಿ ತಮ್ಮ ಸೈನ್ಯದ ಬಗ್ಗೆ ಒಂದು ಸಾಲನ್ನೂ ಬರೆದಿಟ್ಟಿಲ್ಲ. ಅಲ್ಲಿನ ಹೆಸರುಗಳನ್ನು ಭಾಷಾಶಾಸ್ತ್ರದ ಊಹೆಯಿಂದ ಕಟ್ಟಬೇಕಾಯಿತು. ನಿಖರತೆಯ ಹೆಸರಿನಲ್ಲಿ ಹೊರಟವರು ಕೂಡ ಕೊನೆಗೆ ಕಲ್ಪನೆಯ ಬಾಗಿಲನ್ನೇ ತಟ್ಟಿದರು. ಅದನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಸುಂದರವಾದ ಅಡಿಟಿಪ್ಪಣಿಯ ಶೈಲಿಯಲ್ಲಿ ಬರೆದ ಊಹೆಗೆ ರಥಕ್ಕಿಂತ ಹೆಚ್ಚು ನಂಬಿಸುವ ಶಕ್ತಿಯಿದೆ. ರಥವನ್ನು ಕಂಡರೆ ಅನುಮಾನವಾದರೂ ಬರುತ್ತದೆ.

2013ರಲ್ಲಿ ಬಂದ ‘ರೋಮ್ 2’ ಆಟದಲ್ಲಿ ಮೂಲ ಸಂಸ್ಥೆಯೇ ದಾರಿ ಬದಲಿಸಿತು. ಈಜಿಪ್ಟ್ ಈಗ ಟಾಲೆಮಿಗಳದ್ದು. ಗ್ರೀಕ್ ಫಾಲಂಕ್ಸ್, ಗಲೇಷಿಯನ್ (ಏಷ್ಯಾ ಮೈನರ್‌ನಲ್ಲಿ ನೆಲೆಸಿದ ಗಾಲ್ ಜನರ) ಪಡೆಗಳು, ಸ್ಥಳೀಯರು ಎಲ್ಲರೂ ಒಂದೇ ಸೈನ್ಯದಲ್ಲಿ. ಅದರಿಂದ ಯಾರೂ ಆಟ ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಬಿಡುಗಡೆಯ ಹೊತ್ತಿನಲ್ಲಿ ಜನ ಗೊಣಗಿದ್ದು ತಾಂತ್ರಿಕ ದೋಷಗಳ ಬಗ್ಗೆ.

ಜಗಳ ಹೊತ್ತಿಕೊಂಡದ್ದು 2018ರಲ್ಲಿ, ಬೇರೆ ಕಾರಣಕ್ಕೆ. ಮಾರ್ಚ್‌ನ ಪರಿಷ್ಕರಣೆಯ ನಂತರ ಕೆಲವು ರಾಜ್ಯಗಳಲ್ಲಿ ಮಹಿಳಾ ದಂಡನಾಯಕರು ಕಾಣಿಸತೊಡಗಿದರು. ಇತಿಹಾಸವನ್ನು ಕೆಡಿಸಲಾಗಿದೆ ಎಂದು ಕೆಲವರು ಕೂಗೆಬ್ಬಿಸಿ, ಆಟಗಳನ್ನು ಮಾರುವ ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯಲ್ಲಿ ಆಟಕ್ಕೆ ರಾಶಿರಾಶಿ ಕೆಟ್ಟ ವಿಮರ್ಶೆ ಸುರಿದರು. ತಮ್ಮ ಆಟದಲ್ಲಿ ಇತಿಹಾಸದ ಸೊಗಡು ಇರುತ್ತದೆ, ಅಕ್ಷರಶಃ ನಿಖರತೆ ಅಲ್ಲ ಎಂಬರ್ಥದ ಮಾತನ್ನು ಸಂಸ್ಥೆಯ ಕಡೆಯವರು ಆಡಿದ್ದು ಬೆಂಕಿಗೆ ತುಪ್ಪ ಸುರಿದಂತಾಯಿತು. ಸಂಸ್ಥೆ ಕೊಟ್ಟ ಲೆಕ್ಕ ಹೀಗಿತ್ತು: ಹೆಚ್ಚಿನ ರಾಜ್ಯಗಳಲ್ಲಿ ಮಹಿಳಾ ದಂಡನಾಯಕಿ ಕಾಣಿಸುವ ಸಾಧ್ಯತೆ ಶೇ. 10ರಿಂದ 15, ರೋಮ್, ಕಾರ್ತೇಜ್, ಗ್ರೀಕ್ ರಾಜ್ಯಗಳು ಮತ್ತು ಕೆಲವು ಪೂರ್ವದ ರಾಜ್ಯಗಳಲ್ಲಿ ಸೊನ್ನೆ, ಕುಶ್‌ನಲ್ಲಿ ಶೇ. 50.

ಕುಶ್ ಎಂದರೆ ಈಜಿಪ್ಟಿನ ದಕ್ಷಿಣಕ್ಕಿದ್ದ ರಾಜ್ಯ. ರೋಮ್ ಈಜಿಪ್ಟನ್ನು ನುಂಗಿದ ಬೆನ್ನಲ್ಲೇ, ಕ್ರಿ.ಪೂ. 20ರ ದಶಕದಲ್ಲಿ, ಒಂದು ಕಣ್ಣಿನ ರಾಣಿಯೊಬ್ಬಳ ನಾಯಕತ್ವದಲ್ಲಿ ಅಲ್ಲಿನವರು ರೋಮನ್ನರ ಮೇಲೆ ಯುದ್ಧ ಹೂಡಿದ್ದನ್ನು ಗ್ರೀಕ್ ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಅಗಸ್ಟಸ್‌ನ ಕಂಚಿನ ಪ್ರತಿಮೆಯೊಂದರಿಂದ ಕಡಿದ ತಲೆ 1910ರಲ್ಲಿ ಕುಶ್‌ನ ರಾಜಧಾನಿಯಾಗಿದ್ದ ಮೆರೋಯಿಯಲ್ಲಿ ಗುಡಿಯ ಮೆಟ್ಟಿಲುಗಳ ಕೆಳಗೆ ಸಿಕ್ಕಿತು. ಒಳಹೋಗುವವರೆಲ್ಲ ಅದನ್ನು ತುಳಿದೇ ಹೋಗಬೇಕಾಗಿತ್ತು. ಇಂಥ ಇತಿಹಾಸವಿರುವ ರಾಜ್ಯಕ್ಕೆ ಶೇ. 50 ಕೊಟ್ಟವರನ್ನು ಇತಿಹಾಸದ್ರೋಹಿಗಳೆನ್ನುವುದು ನನ್ನಿಂದಾಗದು. ಫೇರೋನ ರಥ ಕಂಡು ಕೊರಗಿದವರು ಮಾಡ್ ಬರೆಯಲು ಕೂತಿದ್ದರು. ಇಲ್ಲಿ ಕೂಗೆಬ್ಬಿಸಿದವರಲ್ಲಿ ಎಷ್ಟು ಮಂದಿ ಸ್ಟ್ರಾಬೋನ ಕಡೆ ಕಣ್ಣುಹಾಯಿಸಿದ್ದರೋ!

2004ರ ಸಾಮಗ್ರಿಯಲ್ಲೇ ಏನು ಮಾಡಬಹುದಾಗಿತ್ತು

ಮೂಲ ಆಟದಲ್ಲಿ ಪ್ರತಿ ಊರಿಗೂ ಶಾಂತಿ ಸುವ್ಯವಸ್ಥೆಯ ಅಳತೆಯಿತ್ತು, ಪರಸಂಸ್ಕೃತಿಯ ಆಳ್ವಿಕೆಗೆ ದಂಡವಿತ್ತು, ದಂಗೆಯೆದ್ದ ಊರು ಕೈಬಿಡುತ್ತಿತ್ತು. ರಾಫಿಯಾದ ಇಕ್ಕಟ್ಟಿಗೆ ಬೇಕಾದದ್ದು ಇಷ್ಟೇ. ಈಜಿಪ್ಟಿಗೆ ಎರಡು ಬಗೆಯ ಫಾಲಂಕ್ಸ್ ಕೊಡಿ. ಒಂದು ಗ್ರೀಕ್ ನೆಲೆಸಿಗರದ್ದು; ದುಬಾರಿ, ಕೊರತೆಯದು, ನಿಷ್ಠೆಯುಳ್ಳದ್ದು. ಇನ್ನೊಂದು ಸ್ಥಳೀಯರದ್ದು, ಅಗ್ಗ, ಬೇಕಾದಷ್ಟು ಸಿಗುವಂಥದ್ದು, ಆದರೆ ಕಟ್ಟಿಸಿಕೊಂಡ ಪ್ರತಿ ಪಡೆಗೂ ಥೀಬ್ಸ್‌ನಲ್ಲಿ ಅಶಾಂತಿ ಒಂದು ಮೆಟ್ಟಿಲು ಏರುತ್ತದೆ. ದಂಗೆ ಹೊತ್ತಿಕೊಂಡಾಗ ಎದುರಿಗೆ ನಿಲ್ಲುವವನು ಪಟ್ಟೆಯ ತಲೆವಸ್ತ್ರ ಧರಿಸಿದ ಫೇರೋ. ಕಲಾವಿಭಾಗದವರು ಬಿಡಿಸಿಟ್ಟ ಆ ವೇಷಕ್ಕೂ ಕೆಲಸ ಸಿಗುತ್ತಿತ್ತು. ಹಿಡಿತ ಬಿಗಿಗೊಳಿಸಲು ಪುರೋಹಿತರಿಗೆ ತೆರಿಗೆ ಬಿಟ್ಟುಕೊಟ್ಟು ಗುಡಿ ಕಟ್ಟಿಸಬೇಕು, ಅದಕ್ಕೆ ಕೂಲಿಪಡೆಗೆ ಮೀಸಲಿಟ್ಟ ಹಣ ಖರ್ಚಾಗಬೇಕು. ರೊಸೆಟ್ಟಾ ಶಿಲೆಯಲ್ಲಿ ಇರುವ ವ್ಯವಹಾರವೂ ಬಹುಪಾಲು ಇದೇ.

ಹೀಗೆ ಮಾಡಿದ್ದರೆ ನಷ್ಟವೂ ಇರುತ್ತಿತ್ತು. ಈಜಿಪ್ಟನ್ನು ಆಡುವುದು ಕಷ್ಟವಾಗುತ್ತಿತ್ತು. ಮೂಲ ಆಟದಲ್ಲಿ ಕಂಪ್ಯೂಟರ್ ನಡೆಸುವ ಈಜಿಪ್ಟ್ ಸಾಮಾನ್ಯವಾಗಿ ಸೆಲ್ಯೂಸಿಡರನ್ನು ತಿಂದುಹಾಕಿ ಪೂರ್ವದ ದೈತ್ಯನಾಗಿ ಬೆಳೆಯುತ್ತದೆ, ರೋಮ್ ಆಡುವವನಿಗೆ ಕೊನೆಯ ದೊಡ್ಡ ಎದುರಾಳಿಯಾಗುತ್ತದೆ. ಒಳಗಿನಿಂದಲೇ ಬಿರುಕು ಬಿಡುವ ಈಜಿಪ್ಟ್ ಆ ಪಾತ್ರ ವಹಿಸುತ್ತಿತ್ತೋ ಇಲ್ಲವೋ. ರಥಗಳು ಧೂಳೆಬ್ಬಿಸಿ ನುಗ್ಗುವ ದೃಶ್ಯಕ್ಕೆ ಮರುಳಾಗಿ ಆಟ ಕೊಂಡವರೂ ಇದ್ದಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. 2021ರ ಏಪ್ರಿಲ್‌ನಲ್ಲಿ ಫೆರಲ್ ಇಂಟರಾಕ್ಟಿವ್ ಸಂಸ್ಥೆ ಅದೇ ಆಟವನ್ನು ಹೊಸ ಚಿತ್ರಗಳೊಡನೆ ಮರಳಿ ತಂದಾಗ ಫೇರೋನ ಕಾವಲುಪಡೆಯನ್ನು ಹಾಗೆಯೇ ಉಳಿಸಿಕೊಂಡಿತು. 17 ವರ್ಷಗಳ ಹೊತ್ತಿಗೆ ಆ ತಪ್ಪಿಗೂ ಅಭಿಮಾನಿಗಳು ಹುಟ್ಟಿಕೊಂಡಿದ್ದರು.